ಒಂಟಿ ಜೇನಿಗೆ ಮನೆ: ಕಟ್ಟುವ ಮೊದಲು ಕೆಡವುವುದನ್ನು ನಿಲ್ಲಿಸೋಣ

ಬೇಸಿಗೆಯ ಮೊದಲ ಮಳೆ ಬಿದ್ದು, ಕಾಫಿ ಹೂ ಅರಳಿ, ವಯನಾಡಿನ ತೋಟಗಳು ಬೆಳ್ಳಗಾಗುವ ಹೊತ್ತಿಗೆ ಈ ಅಂಕಣದ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಆನ್‌ಲೈನಿನಲ್ಲಿ ಮರದ ಪುಟ್ಟ ಮನೆಯೊಂದು ಸಿಗುತ್ತದಂತೆ, ಒಳಗೆ ಬಿದಿರಿನ ಕೊಳವೆ, ಪೈನ್ ಕಾಯಿ, ಮರದ ಚಕ್ಕೆ ತುಂಬಿರುತ್ತಾರಂತೆ, ತೋಟದಲ್ಲಿ ತೂಗುಹಾಕಿದರೆ ಒಂಟಿ ಜೇನು ಬಂದು ಸಂಸಾರ ಹೂಡುತ್ತದಂತೆ, ಕೊಳ್ಳಬಹುದೇ? ಕೇಳುವವರು ಪನಮರ, ಮಾನಂದವಾಡಿ ಕಡೆಯವರೂ ಇರುತ್ತಾರೆ, ಗಡಿಯಾಚೆಯ ಎಚ್.ಡಿ. ಕೋಟೆ, ಕುಟ್ಟದವರೂ ಇರುತ್ತಾರೆ. ಕೆಲವರು ಆಗಲೇ ಕೊಂಡು, ಜಗಲಿಯ ಮೊಳೆಗೆ ನೇತುಹಾಕಿ, ಒಂದು ನೊಣವೂ ಮೂಸಿ ನೋಡಿಲ್ಲವೆಂದು ಫೋಟೊ ಕಳಿಸಿ ದೂರುತ್ತಾರೆ.

ಕೊಳ್ಳಬಹುದು, ಅದಕ್ಕಿಂತ ಚೆನ್ನಾಗಿ ನೀವೇ ಕಟ್ಟಬಹುದು. ಆದರೆ ಮೊದಲು ಮನೆಯ ಹಿಂದಿನ ದರೆಯನ್ನೊಮ್ಮೆ ನೋಡಿ ಬನ್ನಿ ಎಂದು ನಾನು ಉತ್ತರಿಸುತ್ತೇನೆ. ಒಂಟಿ ಜೇನಿಗೆ ನಾವು ಕಟ್ಟಿಕೊಡುವ ಮನೆ ಒಂದಾದರೆ, ಗೊತ್ತಿಲ್ಲದೆ ದಿನವೂ ಕೆಡವುತ್ತಿರುವ ಮನೆಗಳು ನೂರಾರು. ಈ ಲೆಕ್ಕ ತಿಳಿದವರಿಗೆ ಮಾತ್ರ ತೂಗುಹಾಕಿದ ಪೆಟ್ಟಿಗೆ ಫಲ ಕೊಡುತ್ತದೆ.

ಜೇನು ಎಂದ ಕೂಡಲೆ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ. ಪೆಟ್ಟಿಗೆಯಲ್ಲಿ ಸಾಕುವ ಇಟಲಿ ಮೂಲದ ಮೆಲ್ಲಿಫೆರಾವನ್ನೂ ಸೇರಿಸಿದರೆ ಐದಾಯಿತು. ಇವೆಲ್ಲ ರಾಣಿ, ಕೆಲಸಗಾರ ನೊಣಗಳು, ಗಂಡುಗಳು ಒಟ್ಟಾಗಿ ಬಾಳುವ ಕೂಡುಕುಟುಂಬದವು. ಆದರೆ ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇನ್ನೊಣಗಳ ಜಾತಿಗಳು ಸುಮಾರು 20,000. ಭಾರತದಲ್ಲೇ 700ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂಟಿ ಬಾಳಿನವು. ಅಲ್ಲಿ ರಾಣಿಯಿಲ್ಲ, ಆಳುಕಾಳಿಲ್ಲ, ಹಿಂಡಲು ತುಪ್ಪವಿಲ್ಲ. ಪ್ರತಿ ಹೆಣ್ಣೂ ತನ್ನ ಮನೆಯನ್ನು ತಾನೇ ಹುಡುಕಿ, ತಾನೇ ಕಟ್ಟಿ, ತಾನೇ ತುಂಬಿಸಬೇಕು.

ಆ ಕೆಲಸ ನೋಡುವಂಥದು. ಹೆಣ್ಣು ಒಂದು ಕೊಳವೆಯನ್ನೋ ನೆಲದ ಬಿಲವನ್ನೋ ಆರಿಸಿಕೊಂಡು, ಒಳತುದಿಯಲ್ಲಿ ಪರಾಗಕ್ಕೆ ಮಕರಂದ ಕಲಸಿ ಒಂದು ಉಂಡೆ ಮಾಡಿಡುತ್ತದೆ. ಅದರ ಮೇಲೆ ಒಂದೇ ಒಂದು ಮೊಟ್ಟೆ. ಆಮೇಲೆ ಎಲೆಯಿಂದಲೋ ಮಣ್ಣಿನಿಂದಲೋ ಅಂಟಿನಿಂದಲೋ ಅಡ್ಡಗೋಡೆ ಎಬ್ಬಿಸಿ, ಮುಂದಿನ ಕೋಣೆಗೆ ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ. ಕೊಳವೆ ತುಂಬಿದ ಮೇಲೆ ಬಾಯಿ ಮುಚ್ಚಿ ಹಾರಿಹೋಗುತ್ತದೆ. ಮರಿ ಉಂಡೆ ತಿಂದು ಬೆಳೆದು ರೆಕ್ಕೆ ಬಲಿತು ಹೊರಬರುವಾಗ ಸಾಮಾನ್ಯವಾಗಿ ತಾಯಿ ಬದುಕಿರುವುದಿಲ್ಲ. ರೆಕ್ಕೆ ಬಂದ ಮೇಲಿನ ಆಯುಷ್ಯ ಹೆಚ್ಚಿನವಕ್ಕೆ ಕೆಲವೇ ವಾರ. ಬದುಕಿನ ಉಳಿದ ಭಾಗವೆಲ್ಲ ಆ ಕತ್ತಲ ಕೋಣೆಯಲ್ಲೇ. ಮನೆ ಕೆಟ್ಟರೆ ಒಂದು ತಲೆಮಾರೇ ಕೆಟ್ಟಿತು ಎನ್ನುವುದು ಇದಕ್ಕೇ.

ಒಳಗಿನ ಕೋಣೆಗಳಲ್ಲಿ ಹೆಣ್ಣು ಮೊಟ್ಟೆ, ಬಾಗಿಲ ಕಡೆಗೆ ಗಂಡು ಮೊಟ್ಟೆ ಇಡುವುದು ಕೊಳವೆವಾಸಿ ಜೇನುಗಳ ಕ್ರಮ. ಮೊದಲು ಹೊರಬರುವ ಗಂಡುಗಳು ಹೆಣ್ಣಿಗಾಗಿ ಕಾದಿರುತ್ತವೆ. ಇದನ್ನು ಬಿಡಿಸಿ ನೋಡಿದವನು ಫ್ರಾನ್ಸಿನ ಕೀಟಪ್ರೇಮಿ ಜಾನ್ ಹೆನ್ರಿ ಫಾಬ್ರ್. 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳಿನ ಬಂಜರು ತುಂಡೊಂದನ್ನು ಕೊಂಡು ನೆಲೆಸಿದ ಫಾಬ್ರ್, ಒಂಟಿ ಜೇನಿಗಾಗಿ ಜೊಂಡಿನ ಕೊಳವೆಗಳನ್ನು ಜೋಡಿಸಿಟ್ಟು, ಕೊಳವೆಯ ಅಗಲ, ಉದ್ದ ಬದಲಿಸಿ ನೋಡಿದ. ಜಾಗ ಕಿರಿದಾದರೆ ತಾಯಿ ಗಂಡು ಮೊಟ್ಟೆಗಳನ್ನೇ ಹೆಚ್ಚು ಇಡುತ್ತದೆಂದು ಅವನಿಗೆ ಕಂಡಿತು. ಈಗ ಪೇಟೆಯಲ್ಲಿ ಮಾರುವ ಅಲಂಕಾರದ ಮನೆಗಳ ಮೊದಲ ಕೊರತೆಯೂ ಇಲ್ಲೇ ಇದೆ. ಬೆರಳುದ್ದದ ಕೊಳವೆಗಳಲ್ಲಿ ಗೂಡು ಕಟ್ಟಿದರೂ ಹುಟ್ಟುವವು ಬಹುಪಾಲು ಗಂಡುಗಳು. ಗೂಡು ಕಟ್ಟುವವಳು ಹೆಣ್ಣು. ಹೆಣ್ಣು ಕಡಿಮೆಯಾದರೆ ಮುಂದಿನ ವರ್ಷ ಮನೆ ಖಾಲಿ.

ನಮ್ಮ ಸುತ್ತ ಇರುವ ಒಂಟಿ ಜೇನುಗಳನ್ನು ಪರಿಚಯ ಮಾಡಿಕೊಳ್ಳಲು ದುರ್ಬೀನು ಬೇಕಿಲ್ಲ, ತುಳಸಿಕಟ್ಟೆಯ ಬಳಿ ಸ್ವಲ್ಪ ಹೊತ್ತು ಕೂತರೆ ಸಾಕು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಯಿರುವ, ಗಾಳಿಯಲ್ಲಿ ಗಕ್ಕನೆ ನಿಂತು ಸರಕ್ಕನೆ ತಿರುಗುವ ಜೇನು ಅಮೆಜಿಲ್ಲ. ನಾನು ನೀಲಿಪಟ್ಟೆ ಜೇನು ಎನ್ನುತ್ತೇನೆ. ಸಂಜೆಯಾದರೆ ಇದರ ಗಂಡುಗಳು ಒಣಹುಲ್ಲಿನ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನಿದ್ದೆ ಹೋಗುತ್ತವೆ. ಗುಲಾಬಿ ಎಲೆಯ ಅಂಚನ್ನು ಗುಂಡಗೆ ಕತ್ತರಿಸಿ ಒಯ್ಯುವುದು ಎಲೆಕತ್ತರಿ ಜೇನು, ಅಂದರೆ ಮೆಗಕೈಲ್. ಇದರ ಬಳಗದಲ್ಲೇ ಎಲೆ ಬಿಟ್ಟು ಮಣ್ಣು, ಮರದ ಅಂಟು ಬಳಸುವವೂ ಇವೆ. ಬಾಗಿಲ ಚಿಲಕದ ತೂತು, ಪೈಪಿನ ಬಾಯಿ, ಹಳೆಯ ಸ್ವಿಚ್ ಬೋರ್ಡು ಯಾವುದನ್ನೂ ಅವು ಬಿಡುವುದಿಲ್ಲ. ಕರ್ರಗೆ ದಪ್ಪಗೆ ಗುಂಯ್‌ಗುಡುತ್ತ ಬರುವ ದುಂಬಿ ಎಲ್ಲರಿಗೂ ಗೊತ್ತು. ಮರ ಕೊರೆಯುವ ಈ ಜೈಲೊಕೋಪವನ್ನು ಬಡಗಿ ದುಂಬಿ ಎನ್ನೋಣ. ಅದರದೇ ಸಣ್ಣ ನೆಂಟ ಸೆರಟಿನ ಇರುವೆಗಿಂತ ತುಸು ದೊಡ್ಡದು, ಬೆಂಡು ತುಂಬಿದ ಕಡ್ಡಿಯೊಳಗೆ ಮನೆ ಮಾಡುತ್ತದೆ. ತೋಟದಲ್ಲಿ ಕೆಲಸ ಮಾಡುವವರ ಮೊಣಕೈಯ ಬೆವರು ನೆಕ್ಕಲು ಬರುವ ಚಿಕ್ಕ ಬೆವರು ಜೇನುಗಳೂ ಒಂಟಿ ಜೇನಿನ ಸಂತತಿಯವೇ.

ಇವುಗಳಲ್ಲಿ ಯಾರು ಎಲ್ಲಿ ಇರುತ್ತಾರೆ ಎಂಬುದೇ ಇಡೀ ವಿಷಯದ ತಿರುಳು. ನೀಲಿಪಟ್ಟೆ ಜೇನು ಮಣ್ಣಿನ ದರೆಯಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ ಬಿಲ ತೋಡುತ್ತದೆ. ಬೆವರು ಜೇನುಗಳ ಬಹುಪಾಲು ನೆಲದೊಳಗಿನವು. ಜಗತ್ತಿನ ಲೆಕ್ಕ ತೆಗೆದರೂ ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲವಾಸಿಗಳೇ. ಕೊಳವೆ, ಕಡ್ಡಿ, ಮರದ ತೂತುಗಳಿಗೆ ಬರುವವು ಎಲೆಕತ್ತರಿ, ಸೆರಟಿನ, ಬಡಗಿ ದುಂಬಿಯಂಥ ಕೆಲವೇ ಬಳಗಗಳು. ಅಂದರೆ ನೀವು ಎಷ್ಟೇ ಚಂದದ ಕೊಳವೆಮನೆ ತಂದರೂ ಒಂಟಿ ಜೇನುಗಳ ದೊಡ್ಡ ಪಾಲಿಗೆ ಅದರಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ತಲೆಬಿಸಿ ಏಕೆ, ಜೇನುಪೆಟ್ಟಿಗೆ ಇಟ್ಟರಾಯಿತಲ್ಲ ಎನ್ನುವವರಿಗೆ ಬದನೆ ಹೂವನ್ನು ತೋರಿಸುತ್ತೇನೆ. ಬದನೆ, ಟೊಮೆಟೊ ಹೂಗಳಲ್ಲಿ ಪರಾಗ ಹೊರಗೆ ಸಿಕ್ಕುವುದಿಲ್ಲ. ಕೇಸರದ ಕೊಳವೆಯೊಳಗಿದ್ದು, ತುದಿಯ ಸಣ್ಣ ಕಂಡಿಯಿಂದ ಉದುರಬೇಕು. ನೀಲಿಪಟ್ಟೆ ಜೇನು, ಬಡಗಿ ದುಂಬಿಗಳು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ, ಆ ಅದುರಿಗೆ ಪರಾಗ ಉದುರುವಂತೆ ಮಾಡುತ್ತವೆ. ಪೆಟ್ಟಿಗೆಯ ತುಡುವೆಗೂ ಮೆಲ್ಲಿಫೆರಾಕ್ಕೂ ಈ ವಿದ್ಯೆ ಇಲ್ಲ. ನಮ್ಮ ಗುಡ್ಡಗಳ ನೆಕ್ಕರಿಕೆ ಹೂವಿನ ಗುಟ್ಟೂ ಇದೇ. ಪ್ಯಾಶನ್ ಫ್ರೂಟ್ ಹೂವಿನ ಕತೆ ಇನ್ನೊಂದು ಬಗೆಯದು. ಅದರಲ್ಲಿ ಪರಾಗದ ಕೇಸರ, ಶಲಾಕೆ ಎರಡೂ ಎತ್ತರದಲ್ಲಿವೆ. ತುಡುವೆ ಅವುಗಳ ಕೆಳಗೇ ನುಸುಳಿ ಮಕರಂದ ಕುಡಿದು ಹೋಗುತ್ತದೆ; ಬೆನ್ನು ತಾಗಿಸಿ ಪರಾಗ ಒಯ್ಯುವಷ್ಟು ದೊಡ್ಡದು ಬಡಗಿ ದುಂಬಿ. ಹಳದಿ ಹಣ್ಣಿನ ಬಳ್ಳಿಗಂತೂ ಬೇರೆ ಬಳ್ಳಿಯ ಪರಾಗವೇ ಬೇಕು. ಬ್ರೆಜಿಲ್‌ನಲ್ಲಿ ಪ್ಯಾಶನ್ ಹಣ್ಣಿನ ತೋಟಗಳಿಗಾಗಿ ಬಡಗಿ ದುಂಬಿಗೆ ಒಗ್ಗುವ ಗೂಡುಪೆಟ್ಟಿಗೆಗಳನ್ನು ವಿಜ್ಞಾನಿಗಳು ರೂಪಿಸಿದ್ದಾರೆ. ಇನ್ನು ತೊಗರಿಯ ಹೂವನ್ನು ಬಿಡಿಸುವುದರಲ್ಲಿ ಎಲೆಕತ್ತರಿ ಬಳಗದವು ಪಳಗಿದವು.

ಕಾಫಿಯ ವಿಷಯದಲ್ಲಿ ಮಾತ್ರ ಉತ್ಪ್ರೇಕ್ಷೆ ಬೇಡ. ವಯನಾಡಿನ ಮುಖ್ಯ ಬೆಳೆ ರೋಬಸ್ಟಾ. ಅದಕ್ಕೆ ತನ್ನ ಗಿಡದ ಪರಾಗ ಆಗಿಬರುವುದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದಿಂದ ತರಬೇಕು. ಪಕ್ಕದ ಕೊಡಗಿನ ರೋಬಸ್ಟಾ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಾಗಿ ಕಂಡವು ಹೆಜ್ಜೇನು, ತುಡುವೆ, ಮುಜಂಟಿಗಳೇ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಒಟ್ಟಿಗೆ ಅರಳಿ ಮುಗಿಯುವ ಆ ಹೂರಾಶಿಗೆ ದೊಡ್ಡ ದಂಡೇ ಬೇಕು. ಆದರೆ ದಂಡಿನ ಜೊತೆಗೆ ಬಗೆಯೂ ಮುಖ್ಯ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಅರೇಬಿಕಾ ತೋಟಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮೂರು ಜಾತಿಯ ಜೇನು ಬರುವಲ್ಲಿ ನೂರಕ್ಕೆ 60 ಹೂ ಕಾಯಿ ಕಟ್ಟಿದರೆ, 20 ಜಾತಿ ಬರುವಲ್ಲಿ 90 ಕಟ್ಟಿದ್ದವು. ಒಂದೇ ಜಾತಿಯನ್ನು ನಂಬಿ ಕೂತರೆ ಏನಾಗುತ್ತದೆಂದು ನಮ್ಮ ಕಡೆಯ ಜೇನುಕೃಷಿಕರು 1991–92ರಲ್ಲೇ ಕಂಡಿದ್ದಾರೆ. ಆಗ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೇರಳ, ಕರ್ನಾಟಕಗಳ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾಗಿ, ಪೆಟ್ಟಿಗೆಗಳು ಅಟ್ಟ ಸೇರಿದವು.

ಇನ್ನು ಮನೆಯ ಮಾತು. ಕೊಳವೆ ಕೊಟ್ಟು ಒಂಟಿ ಜೇನನ್ನು ಕರೆಯುವುದು ಹೊಸ ಗೀಳಲ್ಲ. ಜಪಾನಿನ ಸೇಬು ಬೆಳೆಗಾರರು 1940ರ ದಶಕದಿಂದ ಜೊಂಡಿನ ಕಟ್ಟುಗಳನ್ನಿಟ್ಟು ಒಸ್ಮಿಯಾ ಎಂಬ ಜೇನನ್ನು ಸಾಕುತ್ತಿದ್ದಾರೆ. ಅಮೆರಿಕ, ಕೆನಡಾಗಳಲ್ಲಿ ಕುದುರೆಮಸಾಲೆ ಸೊಪ್ಪಿನ ಬೀಜೋತ್ಪಾದನೆ ಎಲೆಕತ್ತರಿ ಜೇನನ್ನು ನಂಬಿದೆ. ಅಲ್ಲಿ ಅದೊಂದು ವ್ಯಾಪಾರ. ಆದರೆ ಮನೆತೋಟದ ಜೇನುಮನೆಗಳ ಕತೆ ಬೇರೆ. ಕೆನಡಾದ ಟೊರಾಂಟೊದಲ್ಲಿ ಮೂರು ವರ್ಷ ಸುಮಾರು 600 ಇಂಥ ಮನೆಗಳನ್ನಿಟ್ಟು ನೋಡಿದ ಸಂಶೋಧಕರು 2015ರಲ್ಲಿ ವರದಿ ಕೊಟ್ಟರು. ಅವರು ಎಣಿಸಿದ 27,000ಕ್ಕೂ ಹೆಚ್ಚು ಕೀಟಗಳಲ್ಲಿ ಕಡಜಗಳದ್ದೇ ಮೇಲುಗೈ. ಪ್ರತಿ ವರ್ಷವೂ ಮುಕ್ಕಾಲು ಪಾಲು ಮನೆಗಳಲ್ಲಿ ಕಡಜ ಸೇರಿತ್ತು. ಬಂದ ಜೇನುಗಳಲ್ಲಿ ಅರ್ಧದಷ್ಟು ಹೊರದೇಶದಿಂದ ಬಂದು ನೆಲೆಯೂರಿದ ಜಾತಿಗಳು. ನಾನು ಇದನ್ನು ಸೋಲೆನ್ನುವುದಿಲ್ಲ. ಒಂಟಿ ಕಡಜಗಳು ತರಕಾರಿಯ ಹಸಿರುಹುಳುಗಳನ್ನು ಹಿಡಿದು ಮರಿಗೆ ಉಣಿಸುವ ಉಪಕಾರಿಗಳು. ಆದರೆ ಮನೆ ತೂಗುಹಾಕಿದ ಮಾತ್ರಕ್ಕೆ ಜೇನನ್ನು ಉಳಿಸಿದೆವು ಎಂದು ಬೀಗಬೇಡಿ ಎಂಬ ಎಚ್ಚರಿಕೆ ಅದರಲ್ಲಿದೆ.

ವಯನಾಡಿನಲ್ಲಿ ಕಟ್ಟುವುದಾದರೆ ವಯನಾಡಿನ ಮಳೆಗೆ ತಕ್ಕಂತೆ ಕಟ್ಟಬೇಕು. ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಿಲ್ಲ. ಬಿದಿರಿನ ಕಸುಬಿಗೆ ಹೆಸರಾದ ತೃಕ್ಕೈಪೆಟ್ಟ ನಮ್ಮ ಜಿಲ್ಲೆಯಲ್ಲೇ ಇದೆ. ಬಿದಿರು ಕೆಲಸ ನಡೆಯುವಲ್ಲೆಲ್ಲ ತುಂಡುಗಳು ಕಸಕ್ಕೆ ಹೋಗುತ್ತವೆ. ಒಣಗಿದ ಬಿದಿರು, ಓಟೆಗಳನ್ನು ಒಂದು ತುದಿಯಲ್ಲಿ ಗಂಟು ಉಳಿಯುವಂತೆ ಕತ್ತರಿಸಿ. ಗಂಟೇ ಹಿಂಗೋಡೆ. ಎರಡೂ ಕಡೆ ತೆರೆದ ಕೊಳವೆಗೆ ಯಾವ ಜೇನೂ ಬರುವುದಿಲ್ಲ. ಉದ್ದ 15 ಸೆಂಟಿಮೀಟರ್‌ಗಿಂತ ಕಡಿಮೆಯಾಗದಿರಲಿ. ಒಳಗಿನ ತೂತು 5ರಿಂದ 10 ಮಿಲಿಮೀಟರ್ ಇದ್ದರೆ ಎಲೆಕತ್ತರಿ ಬಳಗಕ್ಕೆ ಸಾಕು. ಬಾಯಿಯನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ. ಸಿಬಿರು ಎದ್ದಿದ್ದರೆ ರೆಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಪೈಪು, ಸ್ಟ್ರಾ ಬೇಡ. ಒಳಗೆ ತೇವ ನಿಂತು, ಪರಾಗದ ಉಂಡೆಗೆ ಬೂಷ್ಟು ಹಿಡಿದು ಮರಿ ಸಾಯುತ್ತದೆ. ಪೇಟೆಯ ಮನೆಗಳಲ್ಲಿ ತುಂಬಿರುವ ಪೈನ್ ಕಾಯಿ, ಮರದ ಚಕ್ಕೆಗಳಿಂದ ಜೇನಿಗೆ ಲಾಭವಿಲ್ಲ, ಇರುವೆ ಜೇಡಗಳಿಗೆ ಅಡಗುತಾಣವಷ್ಟೆ.

ಸೆರಟಿನಕ್ಕೆ ಇದಕ್ಕಿಂತಲೂ ಸುಲಭದ ಏರ್ಪಾಡಿದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ವಿಜ್ಞಾನಿಗಳು ರತ್ನಗಂಧಿ ಗಿಡವನ್ನು ಸವರಿ ಬಿಟ್ಟಾಗ, ತೆರೆದುಕೊಂಡ ಬೆಂಡಿನ ತುದಿಯಿಂದ ಈ ಸಣ್ಣ ಜೇನುಗಳು ಒಳಗೆ ಕೊರೆದು ಗೂಡು ಮಾಡುವುದನ್ನು ಗಮನಿಸಿದ್ದಾರೆ. ಹೂವಿಗೆ ಹೂವೂ ಆಯಿತು, ಗೂಡಿಗೆ ಗೂಡೂ ಆಯಿತು. ನಮ್ಮ ಬೇಲಿಯಲ್ಲಿ ಬೇಡವೆಂದರೂ ಬೆಳೆಯುವ ಲಂಟಾನವನ್ನು ಕಡಿದಾಗ ಎಲ್ಲವನ್ನೂ ಸುಡುವ ಬದಲು, ಒಣಗಿದ ಕಡ್ಡಿಗಳ ಒಂದು ಹೊರೆ ಕಟ್ಟಿ ಸೂರಿನಡಿ ನಿಲ್ಲಿಸಿದರೂ ಸರಿ.

ಮನೆಯನ್ನು ಎಲ್ಲಿ ಇಡುವುದು? ಬಾಯಿ ಮೂಡಣಕ್ಕೋ ಆಗ್ನೇಯಕ್ಕೋ ಇರಲಿ. ಬೆಳಗಿನ ಬಿಸಿಲು ತಾಗಿದರೆ ಜೇನು ಬೇಗ ಕೆಲಸಕ್ಕಿಳಿಯುತ್ತದೆ, ನೈಋತ್ಯದಿಂದ ಹೊಡೆಯುವ ಮುಂಗಾರಿಗೂ ಬೆನ್ನು ಕೊಟ್ಟಂತಾಗುತ್ತದೆ. ಎದೆಯ ಎತ್ತರದಲ್ಲಿ, ಗಾಳಿಗೆ ತೂಗಾಡದಂತೆ ಗೋಡೆಗೋ ಕಂಬಕ್ಕೋ ಬಿಗಿದು ಕಟ್ಟಬೇಕು. ಮೊಳೆಯಲ್ಲಿ ನೇತಾಡುವ ಮನೆಯ ಬಾಗಿಲನ್ನು ಜೇನು ಪ್ರತಿ ಸಲ ಹುಡುಕಲಾರದು. ಕೊಳವೆಗಳು ಬಾಯಿಯ ಕಡೆಗೆ ಕೂದಲೆಳೆಯಷ್ಟು ಇಳಿಜಾರಾಗಿದ್ದರೆ ನೀರು ಒಳಗೆ ನಿಲ್ಲುವುದಿಲ್ಲ. ಲಕ್ಕಿಡಿ, ವೈತ್ತಿರಿ ಕಡೆಯ ಮಳೆಗೆ ಪೆಟ್ಟಿಗೆಯ ಸ್ವಂತ ಮಾಡು ಸಾಲದು, ಮನೆಯ ಚಾವಣಿಯ ಆಸರೆಯೇ ಬೇಕು. ಮಳೆಯ ನೆರಳಿನ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆ ಇಷ್ಟು ಬಂದೋಬಸ್ತು ಬೇಕಿಲ್ಲ. ಅಲ್ಲಿ ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಟ್ಟರೆ ಸಾಕು. ಡಿಸೆಂಬರ್, ಜನವರಿಯಲ್ಲಿ ಕಟ್ಟಿಟ್ಟರೆ ಬೇಸಿಗೆಯ ಹೂಕಾಲ ಪೂರ್ತಿ ಸಿಗುತ್ತದೆ.

ಶತ್ರುಗಳ ಪೈಕಿ ನಮ್ಮಲ್ಲಿ ಮೊದಲ ಸ್ಥಾನ ಇರುವೆಗೆ. ಕಾಫಿ ತೋಟದ ಚಗಳಿ ಹತ್ತಿತೆಂದರೆ ಕೋಣೆಗಳನ್ನು ಒಡೆದು ಮರಿಗಳನ್ನು ಹೊತ್ತೊಯ್ಯುತ್ತದೆ. ಜೇನುಪೆಟ್ಟಿಗೆಯ ಕಾಲಿಗೆ ಮಾಡುವಂತೆ ಕಂಬದ ಬುಡಕ್ಕೆ ನೀರಿನ ಬಟ್ಟಲು ಇಡಿ, ಇಲ್ಲವೇ ಗ್ರೀಸ್ ಹಚ್ಚಿ. ಹತ್ತಿರದ ಕೊಂಬೆ ತಾಗದಿರಲಿ. ಜೇನಿನ ವೇಷದಲ್ಲೇ ಬಂದು ಬೇರೆಯವರ ಕೋಣೆಯಲ್ಲಿ ಮೊಟ್ಟೆಯಿಡುವ ಕೋಗಿಲೆ ಜೇನುಗಳೂ ಇವೆ. ಎಲೆಕತ್ತರಿಯ ಬೆನ್ನಿಗೆ ಚೂಪು ಬಾಲದ ಸೀಲಿಯಾಕ್ಸಿಸ್, ನೀಲಿಪಟ್ಟೆಯ ಬೆನ್ನಿಗೆ ನೀಲಿ ಚುಕ್ಕೆಯ ಥೈರಿಯಸ್. ಇವನ್ನು ಓಡಿಸಲು ಹೋಗಬೇಡಿ, ಅವುಗಳಿಗೂ ಹೊಟ್ಟೆಯಿದೆ. ನೂರಾರು ಕೊಳವೆಗಳ ಒಂದೇ ದೊಡ್ಡ ಮನೆಗೆ ಬದಲು, ಸಣ್ಣ ಸಣ್ಣ ಕಟ್ಟುಗಳನ್ನು ತೋಟದ ನಾಲ್ಕು ಕಡೆ ಇಟ್ಟರೆ ರೋಗವೂ ಪರಾವಲಂಬಿಯೂ ಒಂದೇ ಕಡೆ ಮುತ್ತುವುದು ತಪ್ಪುತ್ತದೆ. ಯುರೋಪಿನ ಕೈಪಿಡಿಗಳು ಚಳಿಗಾಲದಲ್ಲಿ ಕೊಳವೆಗಳನ್ನು ಒಳಗೆ ತಂದು ಸ್ವಚ್ಛ ಮಾಡಲು ಹೇಳುತ್ತವೆ. ನಮ್ಮಲ್ಲಿ ಅಂಥ ಚಳಿಗಾಲವಿಲ್ಲ. ಹಲವು ಜಾತಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಮಾಡುತ್ತವೆ. ಆದ್ದರಿಂದ ಬಾಯಿ ಮುಚ್ಚಿರುವ ಕೊಳವೆಯನ್ನು ಮುಟ್ಟದೆ, ಮರಿ ಹೊರಟು ಬಾಯಿ ಒಡೆದ ಕೊಳವೆಯನ್ನು ಮಾತ್ರ ಎಳೆದು ಹೊಸದನ್ನು ತೂರಿಸುವುದು ನಾನು ಅನುಸರಿಸುವ ಕ್ರಮ.

ಬಡಗಿ ದುಂಬಿಯ ಮಾತು ಬಂದರೆ ಪುಲ್ಪಳ್ಳಿಯ ನಮ್ಮ ಭಾವ ಸಿಡುಕುತ್ತಾರೆ. "ನಿನ್ನ ದುಂಬಿಗಳು ನಮ್ಮ ಮಾಡಿನ ಪಕಾಸು ಕೊರೆದು ಹಿಟ್ಟು ಉದುರಿಸ್ತಾ ಇವೆ, ಪೇಪರಿನಲ್ಲಿ ಅವನ್ನ ಹೊಗಳೋದು ಬಿಟ್ಟು ಓಡಿಸೋ ದಾರಿ ಬರಿ" ಎಂದು ಅವರ ತಕರಾರು. ದಾರಿ ಇದೆ. ಬಡಗಿ ದುಂಬಿಗೆ ಬಣ್ಣ ಬಳಿದ ಮರ ಹಿಡಿಸುವುದಿಲ್ಲ. ಪಕಾಸಿಗೆ ಪೇಂಟ್ ಹೊಡೆಸಿ, ಅದೇ ಹೊತ್ತಿಗೆ ಒಣಗಿದ ಹಾಲುವಾಣದ ದಿಮ್ಮಿಯನ್ನೋ ದಪ್ಪ ಬಿದಿರನ್ನೋ ಬೇಲಿಗೆ ಕಟ್ಟಿಡಿ. ಅದು ಸಾಮಾನ್ಯವಾಗಿ ಹೊರಮೈಗೆ ಹತ್ತಿರವೇ ಸುರಂಗ ಮಾಡಿಕೊಳ್ಳುವ ಪ್ರಾಣಿ, ಗೆದ್ದಲಿನಂತೆ ಮರವನ್ನೇ ತಿಂದು ಮುಗಿಸುವುದಿಲ್ಲ. ಕಚ್ಚುತ್ತದೆಂಬ ಭಯವೂ ಅಷ್ಟೇ. ಒಂಟಿ ಜೇನಿಗೆ ಕಾಯಬೇಕಾದ ತುಪ್ಪದ ಭಂಡಾರವಿಲ್ಲ, ಆದ್ದರಿಂದ ಹೆಜ್ಜೇನಿನಂತೆ ಎದ್ದು ಬರುವ ಸ್ವಭಾವವೂ ಇಲ್ಲ. ಮುಖದೆದುರು ಬಂದು ಗುರಾಯಿಸುವ ದುಂಬಿ ಹೆಚ್ಚಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣು ಚುಚ್ಚುವುದು ಕೈಯಲ್ಲಿ ಅದುಮಿದರೆ ಮಾತ್ರ. ಮಕ್ಕಳಿರುವ ಮನೆಯಲ್ಲೂ ಇಡಬಹುದಾದ ಜೇನು ಇದು.

ಈಗ ಕೆಡವುವ ಮಾತಿಗೆ ಬರುತ್ತೇನೆ. ಪನಮರ, ಕಲ್ಪೆಟ್ಟ ಸುತ್ತಲಿನ ಕನ್ನಡ ಮಾತಾಡುವ ಜೈನರ ಹಳೆಯ ಮನೆಗಳನ್ನು ನೋಡಿದವರಿಗೆ ನೆನಪಿರಬಹುದು: ದಪ್ಪ ಮಣ್ಣಿನ ಗೋಡೆ, ಭತ್ತ ಒಣಗಿಸುವ ಮಣ್ಣಿನ ಅಂಗಳ, ಹಿಂದೆ ಬೋಳು ದರೆ. ಇವು ಒಂಟಿ ಜೇನಿನ ಊರುಗಳೇ ಆಗಿದ್ದವು. ಈಗ ಊರಿಗೆ ಊರೇ ಅಂಗಳಕ್ಕೆ ಇಂಟರ್‌ಲಾಕ್ ಹಾಸುತ್ತಿದೆ, ದರೆಗೆ ಕಲ್ಲು ಕಟ್ಟಿ ಸಿಮೆಂಟು ಬಳಿಯುತ್ತಿದೆ. ಜರಿಯುವ ದರೆಗೆ ತಡೆಗೋಡೆ ಬೇಡವೆಂದು ಈ ಜಿಲ್ಲೆಯಲ್ಲಿ ಯಾರೂ ಹೇಳಲಾರರು. ಜನರ ಜೀವ ಮೊದಲು. ಆದರೆ ಮೊಣಕಾಲೆತ್ತರದ, ಯಾರಿಗೂ ಅಪಾಯವಿಲ್ಲದ ಬದುವಿಗೂ ಸಿಮೆಂಟು ಏಕೆ? ಬಿಸಿಲು ಬೀಳುವ, ನೀರು ನಿಲ್ಲದ, ಹುಲ್ಲು ದಟ್ಟವಾಗದ ಒಂದು ಚಾಪೆಯಗಲ ನೆಲವನ್ನು ಅಗೆಯದೆ ಬಿಟ್ಟರೆ ಸಾಕು, ಪೆನ್ಸಿಲ್ ತೂರುವಷ್ಟು ಬಿಲಗಳು ಕಾಣಿಸತೊಡಗುತ್ತವೆ. ದರೆಯೇ ಇಲ್ಲದ ಮನೆಯವರು ಕೆಮ್ಮಣ್ಣಿಗೆ ಮರಳು ಬೆರೆಸಿ ದೊಡ್ಡ ಇಟ್ಟಿಗೆಗಳಂತೆ ತಟ್ಟಿ ಒಣಗಿಸಿ, ಪೆನ್ಸಿಲಿನಿಂದ ಒಂದೆರಡು ಕುಳಿ ಮೂಡಿಸಿ ಸೂರಿನಡಿ ಪೇರಿಸಿಡಬಹುದು. ನೀಲಿಪಟ್ಟೆ ಜೇನಿಗೆ ಆಸ್ಟ್ರೇಲಿಯಾದಲ್ಲಿ ಹೀಗೇ ಮಣ್ಣಿನ ಇಟ್ಟಿಗೆ ಇಡುತ್ತಾರೆ.

ಸಿಮೆಂಟಿಗಿಂತ ಕೆಟ್ಟದ್ದು ಮಣ್ಣಿಗೆ ಸುರಿಯುವ ಕೀಟನಾಶಕ. ಶುಂಠಿ, ಬಾಳೆಗೆ ಬುಡಕ್ಕೆ ಹುಯ್ಯುವ ಔಷಧಿ ಅದೇ ಮಣ್ಣಿನಲ್ಲಿ ಮರಿ ಇಟ್ಟಿರುವ ಜೇನಿಗೂ ಹುಯ್ದಂತೆಯೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡ ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆನಾಶಕ ಗ್ಲೈಫೋಸೇಟ್‌ಗೆ ಕೇರಳ ಸರ್ಕಾರ 2019ರಲ್ಲಿ ನಿಷೇಧ ಹಾಕಿತು. ಕಳೆ ಎಂದು ನಾವು ಹೊಡೆಯುವ ಗಿಡಗಳಲ್ಲಿ ಅರ್ಧಕ್ಕರ್ಧ ಜೇನಿನ ಉಗ್ರಾಣವೇ. ತುಂಬೆಯನ್ನೇ ನೋಡಿ. ಶಿವಪೂಜೆಗೆ ನಾವು ಹುಡುಕುವ, ಓಣಂ ಪೂಕ್ಕಳಕ್ಕೆ ಮಲಯಾಳಿಗಳು ಹುಡುಕುವ ಆ ಬಿಳಿ ಹೂವಿಗೆ ನೀಲಿಪಟ್ಟೆ ಜೇನು ತಪ್ಪದೆ ಬರುತ್ತದೆ. ಈಗ ಅದು ಹುಡುಕಿದರೂ ಸಿಗದ ಊರುಗಳಿವೆ.

ಮನೆ ಕೊಟ್ಟು ಊಟ ಕೊಡದಿದ್ದರೆ ಯಾರೂ ಉಳಿಯುವುದಿಲ್ಲ. ಹೆಚ್ಚಿನ ಒಂಟಿ ಜೇನುಗಳು ಗೂಡಿನಿಂದ 150ರಿಂದ 600 ಮೀಟರ್ ಒಳಗೇ ಹೂ ಹುಡುಕುತ್ತವೆ. ಹೆಜ್ಜೇನಿನಂತೆ ಮೈಲುಗಟ್ಟಲೆ ಹೋಗಲಾರವು. ಕಾಫಿ ಹೂವಿನ ಹಬ್ಬ ಮುಗಿದ ಮೇಲೆ ವರ್ಷದ ಉಳಿದ ತಿಂಗಳಿಗೆ ಏನಾದರೂ ಇರಬೇಕು. ತುಳಸಿ, ತುಂಬೆ, ಗಿಲಿಗಿಚ್ಚಿ, ಅಪ್ಸೆಣಬು, ತೊಗರಿ, ಅಲಸಂದೆ, ನೆಕ್ಕರಿಕೆ, ಬೇಲಿಗೆ ರತ್ನಗಂಧಿ, ಇಷ್ಟಿದ್ದರೆ ಸಾಕು. ನಾಡಗಿಡಗಳನ್ನು ಗುರುತಿಸಲು ಬಾರದವರು ಕಲ್ಪೆಟ್ಟದ ಪುತ್ತೂರ್‌ವಯಲ್‌ನಲ್ಲಿರುವ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಸಸ್ಯೋದ್ಯಾನಕ್ಕೆ ಒಮ್ಮೆ ಹೋಗಿಬರಲಿ. ಒಂದು ಗಿಡವನ್ನು ಮಾತ್ರ ತರಬೇಡಿ. ಹಳದಿ ಹೂವಿನ ಸೆನ್ನ ಸ್ಪೆಕ್ಟಬಿಲಿಸ್, ಇಲ್ಲಿನವರು ಮಞ್ಞಕೊನ್ನ ಎನ್ನುವ ಮರ, ದುಂಬಿಗಳನ್ನು ಸೆಳೆಯುವುದು ನಿಜ. ಆದರೆ ಮುತ್ತಂಗದ ಕಾಡನ್ನು ಅದು ನುಂಗುತ್ತಿದ್ದು, ಅರಣ್ಯ ಇಲಾಖೆ ಅದನ್ನು ಕಿತ್ತು ಹಾಕಲು ಹೆಣಗುತ್ತಿದೆ.

ಆದ್ದರಿಂದ ಕೇಳಿದವರಿಗೆಲ್ಲ ನನ್ನ ಸಲಹೆ ಇದು. ಮೊದಲು ಮಣ್ಣು, ಆಮೇಲೆ ಹೂ, ಕೊನೆಗೆ ಕೊಳವೆ. ಈ ಅನುಕ್ರಮ ತಪ್ಪಿಸಬೇಡಿ. ಕೊಳವೆಮನೆಯಿಂದ ಮುಖ್ಯವಾಗಿ ಆಗುವ ಲಾಭ ಏನೆಂದರೆ, ಅದು ಮನೆಮಂದಿಯನ್ನು ನಿಂತು ನೋಡುವಂತೆ ಮಾಡುತ್ತದೆ. ಎಲೆಯ ಚೂರು ಹೊತ್ತು ಬರುವ ಜೇನನ್ನು ಒಮ್ಮೆ ಕಂಡ ಮಗು ಗುಲಾಬಿ ಎಲೆಯ ತೂತು ನೋಡಿ ಔಷಧಿ ಡಬ್ಬಿಗೆ ಕೈಹಾಕುವುದಿಲ್ಲ. ಅಷ್ಟಕ್ಕಾದರೂ ಒಂದು ಕಟ್ಟು ಬಿದಿರು ಕಟ್ಟಿಡಿ. ಇನ್ನು ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಬೇಕೆಂದು ಗುತ್ತಿಗೆದಾರರಿಗೆ ಹೇಳಿ ಆಗಿದ್ದರೆ, ಬಿಸಿಲು ಬೀಳುವ ಒಂದು ಮೂಲೆಯನ್ನು ಬಿಡುವಂತೆ ಇವತ್ತೇ ಫೋನು ಮಾಡಿ ತಿಳಿಸಿ.